‘ರ’ ಬಾರದ ಮಯೂರಿ

ಆ ಊರಿನ ಕಪಾಟುಗಳಿಗೆ ಬೀಗವಿರಲಿಲ್ಲ. ‘ತೆರೆ’ ಎಂದು ಸ್ಪಷ್ಟವಾಗಿ ಹೇಳಿದವರಿಗೆ ಅವು ತೆರೆದುಕೊಳ್ಳುತ್ತಿದ್ದವು. ವಿನುತಾಳ ಮೂರೂವರೆ ವರ್ಷದ ಮಗಳು ಮಯೂರಿ ದಿನವೂ ಕಪಾಟಿನ ಮುಂದೆ ನಿಂತು ‘ತೆಲೆ, ತೆಲೆ’ ಎನ್ನುತ್ತಿದ್ದಳು, ಅದು ಕದಲುತ್ತಿರಲಿಲ್ಲ. ಹಾಗಾಗಿ ವಿನುತಾ ರವೆ ಉಂಡೆಗಳನ್ನು ನಿಶ್ಚಿಂತೆಯಿಂದ ಅಲ್ಲೇ ಇಡುತ್ತಿದ್ದಳು.

ಭಾನುವಾರ ನೋಡಿದರೆ ಡಬ್ಬಿ ಅರ್ಧ ಖಾಲಿ.

“ಶುಗರ್ ಇಟ್ಕೊಂಡು ಇಷ್ಟೊಂದು ತಿಂದ್ರಾ?” ಎಂದು ಗಂಡ ಸುದರ್ಶನನನ್ನು ದಬಾಯಿಸಿದಳು.

“ನಿನ್ನಾಣೆ, ನಾನು ಮುಟ್ಟಿಲ್ಲ ಕಣೇ!”

“ಅಪ್ಪ ಸುಳ್ಳು ಹೇಳ್ತಾಲೆ,” ಎಂದಳು ಮಯೂರಿ. ವಿನುತಾ ಮಗಳನ್ನೇ ನಂಬಿ, ಸಿಡುಕುತ್ತ ಅಡುಗೆಮನೆಗೆ ಹೋದಳು.

ಸುದರ್ಶನ ಮಗಳ ತುಟಿಯಂಚಿನ ರವೆ ಒರೆಸಿದ. “ನಿಜ ಹೇಳು, ನಿಂಗೆ ‘ರ’ ಬಂತಾ?”

ಮಯೂರಿ ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: “ಅಮ್ಮಂಗೆ ಹೇಳ್ಬೇಡ. ನಿಂಗೂ ಎರಡು ಕೊಡ್ತೀನಿ.”