ಸೌಟಿನ ಸದ್ದು

“ಒಂದು ಹೊತ್ತು ತಿನ್ನದಿದ್ದರೆ ಯಾರೂ ಸಾಯುವುದಿಲ್ಲ!” ಎಂದು ಮೇಯರ್ ಊಟದ ಮೇಜಿನ ಮೇಲೆ ಗುದ್ದಿದ. ಎದುರಿಗೆ ಭಾಷಣದ ಹಾಳೆ ಹಿಡಿದು ನಿಂತಿದ್ದ ಕಾರ್ಯದರ್ಶಿ, “ಭೇಷ್ ಸರ್! ಇದಕ್ಕೆ ಯಾರೂ ಎದುರು ಮಾತಾಡೋ ಹಾಗಿಲ್ಲ,” ಎಂದ.

“ಸಾಯ್ತಾರೆ,” ಎಂದಳು ಮೇಯರನ ಅಕ್ಕ.

ಇಬ್ಬರೂ ತಿರುಗಿ ನೋಡಿದರು. ತಮ್ಮನ ರಾಜಕೀಯಕ್ಕೆ ಒಂದು ದಿನವೂ ತಲೆಹಾಕಿದವಳಲ್ಲ ಈಕೆ. ಅವನ ಸಭೆಗೆ ಹೋದವಳಲ್ಲ, ಭಾಷಣ ಕೇಳಿದವಳಲ್ಲ. ತಿಂಡಿಯ ಪಾತ್ರೆ ಹಿಡಿದು ಬಡಿಸುತ್ತಾ ನಿಂತಿದ್ದಳು, ಅಷ್ಟೆ. ಮನೆಯ ಗೇಟಿನ ಹೊರಗೆ ಮಾತ್ರ ಆಗಲೇ ಗಲಾಟೆ ಜೋರಾಗಿತ್ತು. ನಗರದ ಶಾಲೆಗಳಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಬೆಳಗಿನ ತಿಂಡಿಯನ್ನು ಮೇಯರ್ ಅಂದಿನಿಂದ ನಿಲ್ಲಿಸಿದ್ದ. ಖರ್ಚು ಕಡಿಮೆ ಮಾಡಬೇಕಂತೆ. ಇಡೀ ನಗರದಲ್ಲಿ ಕಡಿಮೆ ಮಾಡಲು ಇವನಿಗೆ ಸಿಕ್ಕಿದ್ದು ನೋಡಿ, ಮಕ್ಕಳ ತಟ್ಟೆ! ಬರಿಹೊಟ್ಟೆಯ ಮಕ್ಕಳನ್ನು ಕರೆದುಕೊಂಡು ತಾಯಂದಿರು ಬಂದು ನಿಂತಿದ್ದರು. ಅವರ ಬಾಯಿ ಮುಚ್ಚಿಸಲೆಂದೇ ಈ ಭಾಷಣದ ತಯಾರಿ ನಡೆದಿತ್ತು.

ಮೇಯರ್ ನಕ್ಕುಬಿಟ್ಟ. “ಅಕ್ಕಾ, ನೀನೇ ಹೀಗಂದ್ರೆ ಹೇಗೆ? ನಾನೇನು ಪುಸ್ತಕ ಓದಿ ಬಡತನ ಕಲಿತವನಾ? ಬೆಳಿಗ್ಗೆ ಬರೀ ನೀರು ಕುಡಿದು ಸ್ಕೂಲಿಗೆ ಹೋಗ್ತಿದ್ದೆ. ರಾತ್ರಿ ಒಂದೇ ಊಟ. ಏನಾಯ್ತು ನನಗೆ? ಗುಂಡುಕಲ್ಲಿನ ಹಾಗಿದೀನಿ. ಮನೇಲಿ ಎಲ್ಲರಿಗೂ ಒಂದೇ ಹೊತ್ತು ತಾನೇ ಇದ್ದಿದ್ದು?”

“ಎಲ್ಲರಿಗೂ ಅಂತ ಯಾರು ಹೇಳಿದ್ರು ನಿನಗೆ?”

“ಯಾರು ಹೇಳೋದೇನು, ಕಿವಿಯಾರೆ ಕೇಳಿದೀನಿ. ನನಗೆ ಮೊದಲು ಬಡಿಸಿ, ಆಚೆ ಬೀದಿದೀಪದ ಹತ್ರ ಓದ್ಕೋ ಹೋಗು ಅಂತ ಅಮ್ಮ ಕಳಿಸ್ತಿದ್ಲು. ಆಮೇಲೆ ಒಳಗೆ ನೀವು ಮೂವರೂ ಉಣ್ತಿದ್ರಿ. ಅಮ್ಮ, ನೀನು, ಚಿಕ್ಕವಳು. ಪಾತ್ರೆ ಕೆರೆಯೋ ಸದ್ದು ಬೀದಿವರೆಗೂ ಬರ್ತಿತ್ತು!”

ಚಿಕ್ಕವಳೆಂದರೆ ಇವರ ಕೊನೆಯ ತಂಗಿ. ಸ್ಕೂಲಿಗೆ ಸೇರುವ ಮೊದಲೇ ತೀರಿಕೊಂಡವಳು.

“ಸದ್ದು ಕೇಳಿಸ್ಕೊಂಡೆ ಸರಿ. ಊಟ ನೋಡಿದ್ಯಾ?” ಎಂದಳು ಅಕ್ಕ.

ಕಾರ್ಯದರ್ಶಿ ಗಡಿಯಾರ ನೋಡಿಕೊಂಡು ಕೆಮ್ಮಿದ. ಅಕ್ಕ ಅವನನ್ನು ಲೆಕ್ಕಕ್ಕೇ ಇಡಲಿಲ್ಲ. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ತಮ್ಮನ ಎದುರಿಗೇ ಕುಳಿತಳು.

“ಅಮ್ಮಂಗೆ ಕೆಲಸ ಸಿಕ್ಕಿದ ದಿನ ಎಲ್ಲರೂ ಉಂಡ್ವಿ. ಸಿಗದ ದಿನ ನಿನಗೊಬ್ಬನಿಗೇ. ನಾವು ಉಂಡಿಲ್ಲ ಅಂತ ಗೊತ್ತಾದ್ರೆ ನೀನೂ ತಟ್ಟೆ ಮುಟ್ಟಲ್ಲ, ಓದೂ ಬಿಡ್ತೀಯ ಅಂತ ಅವಳಿಗೆ ಭಯ. ಅದಕ್ಕೇ ನೀನು ಆಚೆ ಹೋದ ತಕ್ಷಣ, ‘ಖಾಲಿ ಪಾತ್ರೇಲಿ ಸೌಟು ಆಡಿಸೇ’ ಅನ್ನೋಳು. ನಾನು ಆಡಿಸ್ತಿದ್ದೆ. ‘ಇನ್ನೊಂಚೂರು ಹಾಕ್ಲಾ?’ ಅಂತ ಅಮ್ಮ ಗಟ್ಟಿಯಾಗಿ ಕೇಳೋಳು. ‘ಬೇಡಮ್ಮಾ, ಹೊಟ್ಟೆ ತುಂಬ್ತು’ ಅಂತ ನಾನು ಕೂಗ್ತಿದ್ದೆ. ಚಿಕ್ಕವಳಿಗೆ ಅದೊಂದು ಆಟ. ಮೊದಮೊದಲು ಬಾಯಿಗೆ ಕೈ ಅಡ್ಡ ಇಟ್ಕೊಂಡು ಕಿಸಿಕಿಸಿ ನಗೋಳು. ಆಮೇಲಾಮೇಲೆ ನಗ್ತಾನೇ ಇರ್ಲಿಲ್ಲ. ಸುಮ್ನೆ ನನ್ನ ಮುಖ ನೋಡೋಳು.”

ಮೇಯರನ ಕೈ ತುತ್ತಿನ ಸಮೇತ ಬಾಯಿಯ ಹತ್ತಿರವೇ ನಿಂತುಹೋಯಿತು.

“ಆದ್ರೆ... ಅವಳು ಜ್ವರ ಬಂದು ತಾನೇ ಹೋಗಿದ್ದು?”

“ಎಲ್ಲಿ ಜ್ವರ? ನನ್ನ ತೊಡೆ ಮೇಲೇ ಇದ್ಲು ಕಣೋ. ಮೈ ತಣ್ಣಗಿತ್ತು. ಜ್ವರ ಅಂತ ಅಮ್ಮ ಊರಿಗೆಲ್ಲ ಹೇಳಿದ್ಲು. ಹೊಟ್ಟೆಗಿಲ್ಲದೆ ಮಗು ಹೋಯ್ತು ಅಂತ ಯಾವ ತಾಯಿ ಬಾಯಿಬಿಟ್ಟು ಹೇಳ್ತಾಳೆ? ನಿನಗೆ ತಿಳಿಸಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ಲು. ಇಷ್ಟು ವರ್ಷ ನುಂಗ್ಕೊಂಡೇ ಇದ್ದೆ. ಯಾರೂ ಸಾಯಲ್ಲ ಅಂದ್ಯಲ್ಲ, ಇನ್ನು ನನ್ನ ಕೈಲಾಗ್ಲಿಲ್ಲ.”

ಮೇಯರನಿಗೆ ಸಿಡಿಲು ಬಡಿದಂತಾಯಿತು. ಎಷ್ಟು ಚುನಾವಣೆ, ಎಷ್ಟು ವೇದಿಕೆ! ಹಸಿವನ್ನು ಅರೆದು ಕುಡಿದವನು ನಾನು ಎಂದು ಎದೆ ತಟ್ಟಿಕೊಂಡಿದ್ದೇ ತಟ್ಟಿಕೊಂಡಿದ್ದು. ಆ ಮನೆಯಲ್ಲಿ ಪ್ರತಿದಿನ ಉಂಡವನು ತಾನೊಬ್ಬನೇ! ತಟ್ಟೆ ದೂಡಿ ಎದ್ದ.

“ಆ ಆದೇಶ ವಾಪಸ್ ತಗೋ,” ಎಂದ ಕಾರ್ಯದರ್ಶಿಗೆ. “ಈಗಲೇ. ಇವತ್ತೇ ಎಲ್ಲ ಸ್ಕೂಲಿಗೂ ತಿಂಡಿ ಹೋಗ್ಬೇಕು.”

ಕಾರ್ಯದರ್ಶಿ ಕೆಟ್ಟವನೇನಲ್ಲ, ಪಾಪ. ಅವನ ಕಣ್ಣೂ ಒದ್ದೆಯಾಗಿತ್ತು. “ಅದು ಹೇಗಾಗುತ್ತೆ ಸರ್? ಅಡುಗೆಮನೆಗಳಿಗೆಲ್ಲ ನಿನ್ನೆನೇ ಬೀಗ ಬಿತ್ತು. ಅಡುಗೆಯವರನ್ನ ಬಿಡಿಸಿ ಆಯ್ತು. ದಾಸ್ತಾನನ್ನೂ ಮಾರಿಬಿಟ್ವಿ. ತಾವೇ ಅವಸರ ಮಾಡಿದ್ರಿ. ಇನ್ನು ಹೊಸದಾಗಿ ಸಭೆ ಕರೀಬೇಕು, ಒಪ್ಪಿಗೆ ತಗೋಬೇಕು, ಜನ ಹುಡುಕಬೇಕು, ಏನಿಲ್ಲಂದ್ರೂ ಒಂದು ತಿಂಗಳು ಬೇಕು...” ಎಂದು ತಡವರಿಸಿದ. ಮೇಯರನ ಮುಖ ನೋಡಲಾಗದೆ, ಅವನಿಗೆ ಸಮಾಧಾನವಾಗಲೆಂದು ಇನ್ನೊಂದು ಮಾತು ಸೇರಿಸಿದ. “ಒಂದು ತಿಂಗಳು ತಾನೇ ಸರ್? ಮಕ್ಕಳು ಹೇಗೋ ತಡ್ಕೋತಾರೆ ಬಿಡಿ.”

ತಿಂಡಿಯ ಪಾತ್ರೆ ಎತ್ತಿಕೊಂಡು ಗೇಟಿನ ಕಡೆ ಹೊರಟಿದ್ದ ಅಕ್ಕ ಬಾಗಿಲಲ್ಲಿ ನಿಂತು ತಿರುಗಿದಳು.

“ಚಿಕ್ಕವಳು ತಡ್ಕೊಳ್ಳಲಿಲ್ಲ ಕಣಪ್ಪಾ,” ಎಂದಳು.