ಈಗ ಆ ಪುಟದಲ್ಲಿಲ್ಲದ ಪದ

ಅಕ್ಕ ಒತ್ತಬೇಕಾಗಿದ್ದದ್ದು ‘ಎಲ್ಲವನ್ನೂ ಉಳಿಸು’. ಒತ್ತಿದ್ದು ‘ಎಲ್ಲವನ್ನೂ ಪ್ರಕಟಿಸು’. ‘ತಾಳ್ಮೆಯ ತಾಯಿ’ ಎಂಬ ಅವಳ ಬ್ಲಾಗಿನ ಹಿಂಬದಿಯಲ್ಲಿ ಆರು ವರ್ಷಗಳಿಂದ ಯಾರ ಕಣ್ಣಿಗೂ ಬೀಳದೆ ಬಿದ್ದಿದ್ದ ನಲವತ್ತೊಂದು ಕರಡುಗಳು, ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಲೋಕದ ಪಾಲಾದವು.

ಊಟದ ಬಿಡುವಿನಲ್ಲಿ ತಮ್ಮ ಓಡಿಬಂದ. ಕಂಪ್ಯೂಟರ್ ರಿಪೇರಿ ಅವನ ಕಸುಬು. ಇಂಥ ಗೋಳಾಟ ಅವನಿಗೆ ದಿನಾ ಇದ್ದದ್ದೇ.

“ಡಿಲೀಟ್ ಮಾಡಿದ್ಯಾ?”

“ಇಲ್ಲ ಕಣೋ. ‘ಪುಟ ಸಿಗಲಿಲ್ಲ’ ಅಂತ ಬಂದ್ರೆ ಓದೋರು ಏನಂದ್ಕೋತಾರೆ? ಒಳಗಿದ್ದದ್ದನ್ನ ಅಳಿಸಿ, ಎಲ್ಲಾ ಕಡೆ ನನ್ನ ಮುಗುಳ್ನಗೆ ಲೇಖನ ಹಾಕಿದ್ದೀನಿ.”

“ನಲವತ್ತೊಂದು ಕಡೆನೂ ಅದೇ?”

“ಜನ ಮೆಚ್ಚಿಕೊಂಡ ಲೇಖನ ಕಣೋ ಅದು.”

ತಮ್ಮ ಅಡುಗೆಮನೆಯ ಮೇಜಿನ ಮೇಲಿದ್ದ ತಟ್ಟೆ ಸರಿಸಿ ಲ್ಯಾಪ್‌ಟಾಪ್ ಎಳೆದುಕೊಂಡ. ಪುಟಗಳೇನೋ ಬದಲಾಗಿದ್ದವು. ಆದರೆ ಸರ್ಚ್ ಎಂಜಿನ್ ಅದಕ್ಕೂ ಮುಂಚೆಯೇ ಬಂದು ನಕಲು ತೆಗೆದುಕೊಂಡು ಹೋಗಿತ್ತು. ಬ್ಲಾಗಿನ ಹೆಸರು ಕೊಟ್ಟು ಹುಡುಕಿದರೆ ಮೊಟ್ಟಮೊದಲು ಎದ್ದು ಬರುತ್ತಿದ್ದದ್ದು ಈ ಸಾಲು: ‘ತುಂಬಾ ಸುಸ್ತು. ಇವತ್ತೂ ಮಗಳು ಬಾಗಿಲು ದಢಾರನೆ ಬಡಿದಳು. ಇವಳು ಹುಟ್ಟದೇ ಇದ್ದಿದ್ದರೆ ನಾನು...’

ತಮ್ಮ ಆ ಸಾಲಿನ ಕೊನೆಗೆ ಬೆರಳಿಟ್ಟ. “ಮುಂದಿಂದು ಕತ್ತರಿಸಿಬಿಟ್ಟಿದೆ. ‘ನಾನು’ ಏನು?”

“ನಾನು ಬರೆದದ್ದೇ ಅಷ್ಟು. ಅಷ್ಟರಲ್ಲಿ ಒಳಗಿಂದ ‘ಅಮ್ಮಾ, ಹೊಟ್ಟೆನೋವು’ ಅಂತ ಕೂಗಿದಳು. ಎದ್ದುಹೋದೆ. ಆಮೇಲೆ ಅದನ್ನ ಮುಗಿಸೋಕಾಗಲಿಲ್ಲ.”

“ಮುಗಿಸಿದ್ರೆ ವಾಸಿಯಿತ್ತು.”

“ನಾಲ್ಕು ಗಂಟೆಗೆ ಸ್ಕೂಲಿಂದ ಬರ್ತಾಳೆ ಕಣೋ. ಊರೆಲ್ಲ ಓದಿದ್ರೂ ಓದ್ಕೊಳ್ಲಿ, ಅವಳ ಕಣ್ಣಿಗೆ ಬೀಳಬಾರ್ದು. ಏನಾದ್ರೂ ಮಾಡು.”

ಹಳೆಯ ನಕಲನ್ನು ತೆಗೆಸಲು ಒಂದು ಅರ್ಜಿಯಿತ್ತು. ಪುಟದ ವಿಳಾಸ ಕೊಡಬೇಕು. ಜೊತೆಗೆ, ಹಳೆಯ ಪುಟದಲ್ಲಿದ್ದು ಈಗಿನ ಪುಟದಲ್ಲಿಲ್ಲದ ಒಂದು ಪದ. ಪುಟ ಬದಲಾಗಿದೆ ಎನ್ನುವುದಕ್ಕೆ ಆ ಪದವೇ ಸಾಕ್ಷಿ.

“ಒಂದೊಂದಕ್ಕೂ ಒಂದೊಂದು ಪದ ಹುಡುಕ್ತಾ ಕೂತ್ರೆ ನಾಳೆ ಬೆಳಗಾಗತ್ತೆ,” ಎಂದ ತಮ್ಮ. “ನಲವತ್ತೊಂದರಲ್ಲೂ ಇದ್ದು, ನಿನ್ನ ಮುಗುಳ್ನಗೆಯಲ್ಲಿ ಇಲ್ಲದ್ದು ಯಾವುದು? ಹೇಳು.”

“‘ಕೋಪ’.”

“ಇದೆ. ಅದನ್ನ ಮುಗುಳ್ನಗೆಯಿಂದ ಗೆಲ್ಲಬೇಕಂತೆ.”

“‘ಬಾಗಿಲು’? ಎಲ್ಲದರಲ್ಲೂ ಬಡಿದಿದ್ದಾಳೆ.”

“‘ಮೆಲ್ಲಗೆ ತಟ್ಟಿದರೆ ಮಗುವಿನ ಮನದ ಬಾಗಿಲು ತೆರೆಯುತ್ತದೆ.’ ಅಬ್ಬಬ್ಬಾ! ಯಾರಕ್ಕಾ ಇದನ್ನ ಬರೆದದ್ದು?”

“ಹಲ್ಲು ಕಿರೀಬೇಡ. ‘ಕಣ್ಣೀರು’?”

“ಅದೂ ಇದೆ. ಆನಂದದ್ದು.”

ಅಕ್ಕ ಹಣೆ ಒತ್ತಿಕೊಂಡಳು. ಸಿಂಕಿನಲ್ಲಿ ಬೆಳಗಿನ ಪಾತ್ರೆ ಹಾಗೇ ಬಿದ್ದಿತ್ತು. ರಜೆ ಹಾಕಿದ್ದು ಬ್ಲಾಗನ್ನು ಚಂದ ಮಾಡಲು. “‘ಸುಸ್ತು’ ಅಂತ ಹಾಕಿ ನೋಡು,” ಎಂದಳು ಕೊನೆಗೆ. “ನಾನು ಕರಡು ಶುರುಮಾಡೋದೇ ಅದರಿಂದ.”

ತಮ್ಮ ಹುಡುಕಿದ. ಇರಲಿಲ್ಲ. ಕುತೂಹಲಕ್ಕೆ ಇಡೀ ಬ್ಲಾಗನ್ನೇ ಜಾಲಾಡಿದ. “ಅಕ್ಕ, ಆರು ವರ್ಷದ ನೂರಿಪ್ಪತ್ತು ಲೇಖನದಲ್ಲಿ ಒಂದು ಕಡೆನೂ ಇಲ್ಲ!”

“ಇರಬಾರ್ದು. ಜನ ನನ್ನನ್ನ ಓದೋದೇ ಅದಕ್ಕೆ.”

ಮೊದಲ ಅರ್ಜಿಯನ್ನು ಯಂತ್ರ ಮರುಮಾತಿಲ್ಲದೆ ಒಪ್ಪಿತು. ಆಮೇಲೆ ಅಕ್ಕ ವಿಳಾಸ ಓದುವುದು, “ಸುಸ್ತು” ಎನ್ನುವುದು, ತಮ್ಮ ಒತ್ತುವುದು. ಇಪ್ಪತ್ತು ದಾಟುವ ಹೊತ್ತಿಗೆ ಇಬ್ಬರಿಗೂ ನಗು ಬಂದಿತ್ತು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ನಲವತ್ತೊಂದೂ ಮುಗಿದವು. ತಮ್ಮ ಮತ್ತೊಮ್ಮೆ ಹುಡುಕಿ ತೋರಿಸಿದ: ಮೇಲಿಂದ ಕೆಳಗಿನವರೆಗೆ ಬರೀ ಮುಗುಳ್ನಗೆ. “ನೋಡ್ಕೋ, ಗುರುತೂ ಇಲ್ಲ.”

ಮಗಳು ಬಂದವಳು ಬ್ಯಾಗನ್ನು ಕುರ್ಚಿಗೆ ನೇತುಹಾಕಿದಳು, ಎಸೆಯಲಿಲ್ಲ. ದಿನಾ ಎಸೆಯುವವಳು.

“ಮಧ್ಯಾಹ್ನ ಲೈಬ್ರರಿಲಿ ನಿನ್ನ ಬ್ಲಾಗ್ ಹುಡುಕಿದೆ ಅಮ್ಮ, ಫ್ರೆಂಡಿಗೆ ತೋರಿಸೋಣ ಅಂತ.” ಮಾಮ ಅಲ್ಲಿರುವುದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. “ನಾನು ಹುಟ್ಟದೇ ಇದ್ದಿದ್ರೆ ನೀನು... ಅಂತ ಬಂತು. ಅಲ್ಲಿಗೇ ನಿಂತುಹೋಗಿದೆ. ಒತ್ತಿದ್ರೆ ಮುಗುಳ್ನಗೆ ಬರತ್ತೆ. ಹುಟ್ಟದೇ ಇದ್ದಿದ್ರೆ ಏನಮ್ಮ?”

ಅಕ್ಕ ಎದ್ದು ಬಂದು ಮಗಳ ಎರಡೂ ಕೈ ಹಿಡಿದುಕೊಂಡಳು. ಮುಖದ ಮೇಲೆ ನಗು ತಂದುಕೊಂಡಳು. ದನಿ ತಾನಾಗಿಯೇ ತಗ್ಗಿತು. “ನೋಡು ಪುಟ್ಟಿ, ಪ್ರತಿಯೊಂದು ಮಗುವೂ ತಾಯಿಯ ಬಾಳಿಗೆ ಒಂದು ಹೊಸ ಬೆಳಗು...”

“ಅಮ್ಮ, ಇದು ಆ ಪುಟದಲ್ಲಿ ಈಗ ಇರೋದು,” ಎಂದಳು ಮಗಳು. “ನಾನು ಕೇಳ್ತಿರೋದು ಮುಂಚೆ ಇದ್ದದ್ದು.”

ತಮ್ಮ ಸದ್ದಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿದ. ಮಧ್ಯಾಹ್ನದಿಂದ ನಲವತ್ತೊಂದು ಸಲ ಹೇಳಿ ಬರೆಸಿದ ಪದ ಅಕ್ಕನ ನಾಲಿಗೆಯ ತುದಿಯವರೆಗೂ ಬಂತು. ಬಾಯಿಂದ ಮಾತ್ರ ಹೊರಬೀಳಲಿಲ್ಲ.