ಹೊಸ ಬೆಲ್ಟು

ಇಟಲಿ ಬೈಕಿಗೆ ಬೇಕಾದ ಟೈಮಿಂಗ್ ಬೆಲ್ಟು ಎಲ್ಲೂ ಸಿಕ್ಕಿರಲಿಲ್ಲ. ಮೆಕ್ಯಾನಿಕ್ ಚೆಲುವರಾಜು ಬಿರುಕುಬಿಟ್ಟ ಹಳೆಯದನ್ನೇ ಒರೆಸಿ ಹಾಕಿದ್ದ. ಬಿಚ್ಚಿದ ಹಳೇ ಸಾಮಾನನ್ನು ಗಿರಾಕಿಗೆ ತೋರಿಸುವುದು ಗ್ಯಾರೇಜಿನ ವಾಡಿಕೆ. ಗುಜರಿಯಿಂದ ಹೆಕ್ಕಿದ ಇನ್ಯಾವುದೋ ಬೆಲ್ಟನ್ನು ಬಿಚ್ಚಿದ್ದು ಇದೇ ಎಂದು ಬೈಕಿನ ಒಡೆಯ ಡಾಕ್ಟರ ಕೈಗಿಟ್ಟ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಸ್ಪೀಡಲ್ಲಿ ಹೋಗೋವಾಗ ಇದು ಕಿತ್ತೋಗಿದ್ರೆ?”

“ಇಂಜಿನ್ ಜಾಮಾಗಿ, ಓಡಿಸೋರು ಎಗರಿ ಬೀಳ್ತಿದ್ರು ಸಾರ್.”

“ಹೊಸದೇ ಹಾಕಿದ್ದೀಯ ತಾನೆ? ನಿಜ ಹೇಳು.”

“ನನ್ ಮಗಳಾಣೆಗೂ ಹೊಸದೇ ಸಾರ್!”

ಡಾಕ್ಟರು ನಿಟ್ಟುಸಿರು ಬಿಟ್ಟು ಬೆಲ್ಟನ್ನು ಬೆಂಚಿನ ಮೇಲಿಟ್ಟರು.

“ಸದ್ಯ, ಈಗ ಸಮಾಧಾನ ಆಯ್ತು. ಟ್ರಯಲ್ ನೋಡ್ತೀನಿ ಅಂತ ಕೀ ಇಸ್ಕೊಂಡು, ನಿನ್ನ ಮಗಳೇ ಹೈವೇಗೆ ಹೋಗಿದ್ದಾಳೆ.”